ಬೀಟ್ ಪೊಲೀಸರನ್ನ ಬೀಟಲ್ಲೇ ಇರೋಕೆ ಬಿಡಿ

ಮಾನ್ಯ ಸಂಪಾದಕರೇ,

ಸರಗಳ್ಳತನ, ಬೀಗ ಹಾಕಿದ ಮನೆಗೆ ಕನ್ನ, ಖಾಲಿ ಸೈಟಲ್ಲಿ ಗಾಂಜಾ, ಇಂಥ ಸುದ್ದಿ ಪೇಪರಲ್ಲಿ ಬಂದಾಗಲೆಲ್ಲ ಕೊನೇಲಿ ಒಂದು ಸಾಲು ಇದ್ದೇ ಇರುತ್ತೆ, ಪೊಲೀಸರು ಗಸ್ತು ಹೆಚ್ಚಿಸಬೇಕು ಅಂತ ಸ್ಥಳೀಯರು ಒತ್ತಾಯಿಸಿದ್ದಾರೆ ಅಂತ. ಆ ಸ್ಥಳೀಯರಲ್ಲಿ ನಾನೂ ಒಬ್ಬಳು. ಮೈಸೂರಿನ ರಿಂಗ್ ರೋಡ್ ಆಚೆ ಇರೋ ಒಂದು ಬಡಾವಣೇಲಿ ಇದ್ದೀನಿ, ಮನೆ ಮುಂದೇನೇ ಚಿಕ್ಕ ಟೈಲರಿಂಗ್ ಅಂಗಡಿ, ರಾತ್ರಿ ಒಂಬತ್ತರ ತನಕ ಶಟರ್ ಎತ್ತಿರುತ್ತೆ, ಹಾಗಾಗಿ ಬೀದೀಲಿ ಯಾರು ಬಂದ್ರು ಯಾರು ಹೋದ್ರು ಅನ್ನೋದು ಕಣ್ಣಿಗೆ ಬೀಳ್ತಾನೇ ಇರುತ್ತೆ. ನಾನು ಈ ಪತ್ರ ಬರೀತಿರೋದು ಗಸ್ತು ಹೆಚ್ಚಿಸಿ ಅಂತ ಕೇಳೋಕಲ್ಲ. ಪೊಲೀಸ್ ಗಸ್ತು ಗಾಡಿ ಇನ್ನೆರಡು ಕೊಡಿ, ಕ್ಯಾಮೆರಾ ಇನ್ನಷ್ಟು ಹಾಕಿ ಅಂತಾನೂ ಅಲ್ಲ. ನಮ್ಮ ಏರಿಯಾಗೆ ಅಂತ ಹಾಕಿರೋ ಒಬ್ಬ ಬೀಟ್ ಪೊಲೀಸ್ ಇದ್ದಾರಲ್ಲ, ಅವರನ್ನ ದಯವಿಟ್ಟು ನಮ್ಮ ಏರಿಯಾದಲ್ಲೇ ಇರೋಕೆ ಬಿಡಿ ಅಂತ ಕೇಳೋಕೆ.

2025ರ ಜುಲೈನಲ್ಲಿ ಸರ್ಕಾರ ‘ಮನೆ ಮನೆಗೆ ಪೊಲೀಸ್’ ಅಂತ ಕಾರ್ಯಕ್ರಮ ಶುರು ಮಾಡ್ತು, ಆಗ ಗೃಹ ಸಚಿವರಾಗಿದ್ದ ಪರಮೇಶ್ವರ್ ಅವರು ಬೆಂಗಳೂರಲ್ಲಿ ಚಾಲನೆ ಕೊಟ್ರು. ಬೀಟ್ ಪೊಲೀಸರು ಅವರ ವ್ಯಾಪ್ತಿಯ ಮನೆಗಳನ್ನ ಗುಂಪು ಗುಂಪಾಗಿ ಮಾಡ್ಕೊಂಡು, ಮನೆ ಬಾಗಿಲಿಗೇ ಹೋಗಿ, ಏನು ತೊಂದರೆ ಇದೆ ಅಂತ ಕೇಳಿ ಬರ್ಕೊಂಡು, ಸ್ಟೇಷನ್ನಿಗೆ ತಲುಪಿಸಬೇಕು ಅನ್ನೋದು ಇದರ ಉದ್ದೇಶ. ನಿಜ ಹೇಳ್ಬೇಕಂದ್ರೆ ಇದು ಬಹಳ ಒಳ್ಳೆ ಯೋಚನೆ, ನನಗೆ ಇದರ ಮೇಲೆ ತುಂಬ ನಂಬಿಕೆ ಇದೆ. ಯಾಕಂದ್ರೆ ನಮ್ಮ ಜನಕ್ಕೆ ಸ್ಟೇಷನ್ ಮೆಟ್ಟಿಲು ಹತ್ತೋದು ಅಂದ್ರೆ ಈಗಲೂ ಭಯ, ಅದರಲ್ಲೂ ಹೆಂಗಸರಿಗೆ, ಸ್ಟೇಷನ್ನಿಗೆ ಹೋದಳಂತೆ ಅನ್ನೋ ಮಾತೇ ಸಾಕು, ನಾಲ್ಕು ಜನ ನಾಲ್ಕು ಥರ ಮಾತಾಡ್ತಾರೆ. ಪೊಲೀಸ್ನೋರೇ ಮನೆಗೆ ಬಂದು, ಏನಮ್ಮ ಎಲ್ಲ ಚೆನ್ನಾಗಿದ್ಯಾ, ರಾತ್ರಿ ಯಾರಾದ್ರೂ ತೊಂದರೆ ಕೊಡ್ತಾರಾ ಅಂತ ಕೇಳಿದ್ರೆ ಎಷ್ಟೋ ವಿಷಯ ಹೊರಗೆ ಬರುತ್ತೆ. ಕುಡ್ಕೊಂಡು ಬಂದು ಹೊಡೆಯೋ ಗಂಡನ ವಿಷಯ, ಮೀಟರ್ ಬಡ್ಡಿಯವರ ಕಾಟ, ಕಾಲೇಜಿಂದ ಬರೋ ಹುಡುಗೀರ ಹಿಂದೆ ಬೈಕಲ್ಲಿ ಬರೋ ಹುಡುಗರ ವಿಷಯ, ಇವೆಲ್ಲ ಯಾರೂ ಕಂಪ್ಲೇಂಟ್ ಬರ್ಕೊಟ್ಟು ಹೇಳೋ ವಿಷಯಗಳಲ್ಲ, ಪರಿಚಯ ಇರೋರ ಹತ್ರ ಬಾಯಿಬಿಟ್ಟು ಹೇಳೋ ವಿಷಯಗಳು.

ಆದ್ರೆ ಪರಿಚಯ ಆಗೋಕೆ ಮನುಷ್ಯ ಒಂದು ಕಡೆ ನಿಲ್ಲಬೇಕಲ್ವಾ. ನಮ್ಮಲ್ಲಿ ಗಣಪತಿ ದೇವಸ್ಥಾನದ ಕಾಂಪೌಂಡ್ ಮೇಲೆ ಬೀಟ್ ಪೊಲೀಸ್ ಹೆಸರು, ಮೊಬೈಲ್ ನಂಬರ್ ಬರೆಸಿದ್ದಾರೆ. ಒಂದು ರಾತ್ರಿ ಪಕ್ಕದ ಖಾಲಿ ಸೈಟಲ್ಲಿ ಗಲಾಟೆ ಜೋರಾಗಿ ಬಾಟಲಿ ಒಡೆಯೋ ಶಬ್ದ ಬಂತು, ಆ ನಂಬರ್‌ಗೆ ಫೋನ್ ಮಾಡಿದೆ. ಪಾಪ ಅವರು ಎತ್ತಿದ್ರು, ಮೇಡಂ ನಾನು ಟ್ರಾನ್ಸ್‌ಫರ್ ಆಗಿ ನಂಜನಗೂಡು ಕಡೆ ಬಂದು ಬಹಳ ದಿನ ಆಯ್ತು, ನೀವು 112ಕ್ಕೆ ಮಾಡಿ ಅಂದ್ರು. 112ಕ್ಕೆ ಮಾಡಿದೆ, ಗಾಡಿ ಬಂತು, ಹುಡುಗರು ಅಷ್ಟೊತ್ತಿಗೆ ಜಾಗ ಖಾಲಿ ಮಾಡಿದ್ರು. ಗಾಡಿಯವರು ಬೇಗ ಬಂದ್ರು ಅನ್ನೋದು ದೊಡ್ಡ ವಿಷಯ, ಅದಕ್ಕೆ ಥ್ಯಾಂಕ್ಸ್ ಹೇಳ್ತೀನಿ. ಆದ್ರೆ ಅವರಿಗೆ ಆ ಸೈಟ್ ಯಾವುದು, ಅಲ್ಲಿ ದಿನಾ ಕೂರೋರು ಯಾರು, ಯಾವ ಮನೆ ಮಕ್ಕಳು, ಯಾರಿಗೆ ಹೇಳಿದ್ರೆ ಕೇಳ್ತಾರೆ, ಇದ್ಯಾವುದೂ ಗೊತ್ತಿಲ್ಲ, ಗೊತ್ತಿರೋಕೆ ಸಾಧ್ಯಾನೂ ಇಲ್ಲ. ಅದು ಬೀಟ್ ಪೊಲೀಸ್‌ಗೆ ಮಾತ್ರ ಗೊತ್ತಿರೋಕೆ ಸಾಧ್ಯ. ಗೋಡೆ ಮೇಲಿನ ನಂಬರ್ ಬದಲಾಯಿಸೋಕೆ ಎಷ್ಟು ಬಣ್ಣ ಬೇಕು ಹೇಳಿ.

ಹಾಗಂತ ಬೀಟ್ ಪೊಲೀಸರನ್ನೇ ಬೈದರೆ ಅದು ಅನ್ಯಾಯ. ಅವರ ದಿನ ಹೇಗಿರುತ್ತೆ ಅಂತ ಸ್ವಲ್ಪ ಹತ್ತಿರದಿಂದ ನೋಡಿದ್ದೀನಿ, ನನ್ನ ಅಂಗಡಿಗೆ ಬಟ್ಟೆ ಹೊಲಿಯೋಕೆ ಕೊಡೋ ಪೊಲೀಸ್ ಮನೆಯವರಿದ್ದಾರೆ. ಬೀಟ್ ಅಂತ ಹೆಸರಿಗೆ ಇರುತ್ತೆ, ಬೆಳಿಗ್ಗೆ ಎದ್ರೆ ಕೋರ್ಟ್ ಡ್ಯೂಟಿ, ಸಮನ್ಸ್ ಜಾರಿ, ಪಾಸ್‌ಪೋರ್ಟ್ ವೆರಿಫಿಕೇಶನ್, ಅರ್ಜಿ ವಿಚಾರಣೆ, ಮಧ್ಯೆ ಯಾವುದೋ ಪ್ರತಿಭಟನೆ, ಯಾರೋ ವಿಐಪಿ ಬರ್ತಾರೆ ಅಂದ್ರೆ ರಸ್ತೆ ಬದಿ ನಿಲ್ಲಬೇಕು. ಮೈಸೂರಲ್ಲಂತೂ ಕೇಳೋದೇ ಬೇಡ. ಆಷಾಢ ಶುಕ್ರವಾರ ಅಂದ್ರೆ ಚಾಮುಂಡಿ ಬೆಟ್ಟಕ್ಕೆ ಬಂದೋಬಸ್ತ್, ಅಮ್ಮನವರ ವರ್ಧಂತಿಗೆ ಬಂದೋಬಸ್ತ್, ಗಣೇಶ ಹಬ್ಬದ ಮೆರವಣಿಗೆಗಳು, ಅದು ಮುಗಿಯೋಷ್ಟರಲ್ಲಿ ದಸರಾ. ದಸರಾ ಟೈಮಲ್ಲಿ ಬೇರೆ ಜಿಲ್ಲೆಗಳಿಂದ ಪೊಲೀಸರನ್ನ ಕರೆಸಿದ್ರೂ ಸಾಲಲ್ಲ, ಅರಮನೆ, ಜಂಬೂಸವಾರಿ ದಾರಿ, ಬನ್ನಿಮಂಟಪ, ಯುವ ದಸರಾ, ಎಕ್ಸಿಬಿಷನ್, ಎಲ್ಲ ಕಡೆ ಜನವೋ ಜನ. ಬಂದೋಬಸ್ತ್ ಬೇಡ ಅಂತ ಯಾರೂ ಹೇಳಲ್ಲ, ಲಕ್ಷಾಂತರ ಜನ ಸೇರೋ ಕಡೆ ಪೊಲೀಸ್ ಇರಲೇಬೇಕು. ಆದ್ರೆ ಇದೇ ದಸರಾ ರಜೇಲಿ ನಮ್ಮಂಥ ಬಡಾವಣೇಲಿ ಅರ್ಧಕ್ಕರ್ಧ ಮನೆಗೆ ಬೀಗ, ಎಲ್ಲ ಊರಿಗೆ ಹೋಗಿರ್ತಾರೆ, ಊರಿಗೆ ಹೋಗೋ ಮುಂಚೆ ಸ್ಟೇಷನ್ನಿಗೆ ತಿಳಿಸಿ ಹೋಗಿ ಅಂತ ಪೊಲೀಸರೇ ಮೈಕಲ್ಲಿ ಹೇಳ್ಕೊಂಡು ಹೋಗ್ತಾರೆ, ತಿಳಿಸಿದ ಮೇಲೆ ಬಂದು ನೋಡಬೇಕಾದ ಆಸಾಮಿ ಮಾತ್ರ ಹಾರ್ಡಿಂಜ್ ಸರ್ಕಲ್ಲಲ್ಲಿ ಹಗ್ಗ ಹಿಡ್ಕೊಂಡು ನಿಂತಿರ್ತಾರೆ.

ದೇವಸ್ಥಾನದ ಗೋಡೆಗೆ ಒಂದು ಪುಟ್ಟ ತಗಡಿನ ಡಬ್ಬ ಹೊಡೆದಿದ್ದಾರೆ, ಅದರೊಳಗೆ ಪಾಯಿಂಟ್ ಬುಕ್ಕು. ರಾತ್ರಿ ಬೀಟಿಗೆ ಬಂದೋರು ಅದರಲ್ಲಿ ಟೈಮ್ ಹಾಕಿ ಸೈನ್ ಮಾಡಿ ಹೋಗಬೇಕು. ಒಂದ್ಸಲ ಅರ್ಚಕರು ಆ ಪುಸ್ತಕ ಮಳೇಲಿ ನೆನೆದಿದೆ ಅಂತ ಒಣಗಿಸೋಕೆ ತೆಗೆದಾಗ ನಾನೂ ನೋಡಿದೆ. ಕೆಲವು ಪುಟದಲ್ಲಿ ಟೈಮ್ ಬೇರೆ ಬೇರೆ, ಇಂಕ್ ಬೇರೆ ಬೇರೆ, ಒಂದು ಕಡೆ ಬೀದಿ ದೀಪ ಉರೀತಿಲ್ಲ ಅಂತ ಕೂಡ ಚಿಕ್ಕದಾಗಿ ಬರೆದಿತ್ತು, ಆ ಮನುಷ್ಯ ನಿಜವಾಗ್ಲೂ ನಿಂತು ನೋಡಿದ್ದಾರೆ ಅನ್ನಿಸ್ತು. ಇನ್ನು ಕೆಲವು ಪುಟದಲ್ಲಿ ನಾಲ್ಕೈದು ದಿನದ ಸೈನು ಒಂದೇ ಪೆನ್ನಲ್ಲಿ, ಒಂದೇ ಬೀಸಲ್ಲಿ. ಈಗ ಎಷ್ಟೋ ಕಡೆ ಪುಸ್ತಕದ ಬದಲು ಕ್ಯೂಆರ್ ಕೋಡ್ ಅಂಟಿಸಿ ಮೊಬೈಲಲ್ಲಿ ಸ್ಕ್ಯಾನ್ ಮಾಡೋ ಸುಬಾಹು ಅನ್ನೋ ಇ-ಬೀಟ್ ಬಂದಿದೆ, ಸ್ಕ್ಯಾನ್ ಮಾಡಿದ್ರೆ ಯಾರು ಯಾವಾಗ ಬಂದ್ರು ಅಂತ ಮೇಲಿನವರಿಗೆ ಗೊತ್ತಾಗುತ್ತೆ, ಒಳ್ಳೇದೇ. ಆದ್ರೆ ಸ್ಕ್ಯಾನ್ ಮಾಡಿದ ಮೇಲೆ ಅವರು ಏನು ನೋಡಿದ್ರು, ಯಾರ ಹತ್ರ ಮಾತಾಡಿದ್ರು ಅನ್ನೋದನ್ನ ಯಾವ ಆ್ಯಪೂ ಹೇಳಲ್ಲ.

ನಮ್ಮ ಬೀದಿ ಅಜ್ಜಿ ಒಬ್ಬರ ವಿಷಯ ಹೇಳ್ಬೇಕು. ಬೆಳಿಗ್ಗೆ ಆರೂವರೆಗೆ ಕಾಂಪೌಂಡ್ ಹೊರಗೆ ನಿಂತು ದಾಸವಾಳ ಕೀಳ್ತಾ ಇದ್ರು, ಬೈಕಲ್ಲಿ ಇಬ್ಬರು ಬಂದು ಅಡ್ರೆಸ್ ಕೇಳೋ ಥರ ನಿಲ್ಲಿಸಿ ಕತ್ತಿನ ಸರಕ್ಕೆ ಕೈ ಹಾಕಿದ್ರು. ಸರ ಹೋಯ್ತು, ಅಜ್ಜಿ ಬಿದ್ದು ಮಣಿಕಟ್ಟು ಮುರೀತು, ಹೂವಿನ ಬುಟ್ಟಿ ಚರಂಡೀಲಿ. ಎದುರು ಮನೆ ಕ್ಯಾಮೆರಾ ನೋಡಿದ್ವಿ, ಅದು ಅವರ ಕಾರು ನಿಲ್ಲಿಸೋ ಜಾಗದ ಕಡೆಗೆ ತಿರುಗಿತ್ತು, ಬೈಕಿನ ಹಿಂದಿನ ಚಕ್ರ ಒಂದು ಸೆಕೆಂಡ್ ಕಾಣಿಸ್ತು ಅಷ್ಟೇ. ಅಜ್ಜಿ ಮಗ ಸ್ಟೇಷನ್ನಿಗೆ ಓಡಿದ್ರು. ಯಾವ ಸ್ಟೇಷನ್ ಅಂತ ಹೆಸರು ಹೇಳೋದು ಬೇಡ, ಅಲ್ಲಿ ಕೇಳಿದ ಮೊದಲ ಪ್ರಶ್ನೆ, ಆ ಕ್ರಾಸು ನಮ್ಮ ಲಿಮಿಟ್ಸಲ್ಲಿ ಬರುತ್ತಾ ಅಂತ. ಪಕ್ಕದ ಸ್ಟೇಷನ್ನಿಗೆ ಕಳಿಸಿದ್ರು, ಅಲ್ಲಿಂದ ವಾಪಸ್ ಇಲ್ಲಿಗೇ. ಸಂಜೆ ಹೊತ್ತಿಗೆ ಕಂಪ್ಲೇಂಟ್ ತಗೊಂಡ್ರು.

ಇದು ಹೀಗಾಗಬಾರದು ಅಂತ ಕಾನೂನೇ ಹೇಳುತ್ತೆ, ಓದುಗರಿಗೂ ಗೊತ್ತಿರಲಿ ಅಂತ ಬರೀತೀನಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ ಅಪರಾಧ ಯಾವ ಸ್ಟೇಷನ್ ಲಿಮಿಟ್ಸಲ್ಲೇ ಆಗಿರಲಿ, ನೀವು ಹೋದ ಸ್ಟೇಷನ್ನಲ್ಲಿ ಮಾಹಿತಿ ಬರ್ಕೊಳ್ಳಲೇಬೇಕು, ಝೀರೋ ಎಫ್‌ಐಆರ್ ಅಂತಾರಲ್ಲ ಅದೇ. ಇ-ಮೇಲ್ ಥರ ಆನ್‌ಲೈನಲ್ಲಿ ಕೂಡ ಕಳಿಸಬಹುದು, ಮೂರು ದಿನದೊಳಗೆ ಹೋಗಿ ಸೈನ್ ಹಾಕಿದ್ರೆ ಆಯ್ತು. ದೂರು ಕೊಟ್ಟೋರಿಗೆ ಕಾಪಿ ಪುಕ್ಕಟೆ ಕೊಡಬೇಕು. ತಗೊಳ್ಳಲ್ಲ ಅಂದ್ರೆ ಎಸ್ಪಿಗೆ ಬರೆದು ಕಳಿಸಬಹುದು. ಸರ ಕಿತ್ಕೊಂಡು ಹೋಗೋದನ್ನೇ ಈಗ ಭಾರತೀಯ ನ್ಯಾಯ ಸಂಹಿತೆಯ 304ನೇ ಸೆಕ್ಷನ್ನಲ್ಲಿ ಪ್ರತ್ಯೇಕ ಅಪರಾಧ ಅಂತ ಮಾಡಿದ್ದಾರೆ, ಮೂರು ವರ್ಷದವರೆಗೆ ಶಿಕ್ಷೆ ಇದೆ. ಕಾನೂನು ಪುಸ್ತಕದಲ್ಲಿ ಇಷ್ಟೆಲ್ಲ ಇದ್ದೂ, ಕೈ ಮುರ್ಕೊಂಡ ಅಜ್ಜಿ ಮಗ ಎರಡು ಸ್ಟೇಷನ್ ಮಧ್ಯೆ ಓಡಾಡಬೇಕಾಯ್ತಲ್ಲ ಅಂತ ನನಗೆ ಈಗಲೂ ಹೊಟ್ಟೆ ಉರಿಯುತ್ತೆ. ಅವತ್ತು ಪರಿಚಯದ ಬೀಟ್ ಪೊಲೀಸ್ ಒಬ್ಬರು ಇದ್ದಿದ್ರೆ ಒಂದು ಫೋನಲ್ಲಿ ಅದು ಸರಿ ಹೋಗ್ತಿತ್ತು. ಅಜ್ಜಿ ಈಗ ಬೀದಿ ಬಾಗಿಲು ದಾಟಲ್ಲ, ಕತ್ತಲ್ಲಿ ಒಂದು ಕರಿಮಣಿ ದಾರ ಇದೆ, ಅದನ್ನೂ ಸೆರಗಲ್ಲಿ ಮುಚ್ಕೊಂಡೇ ಇರ್ತಾರೆ.

ಇನ್ನು ಕತ್ತಲೆ ವಿಷಯ. ನಮ್ಮಂಥ ಬಡಾವಣೆಗಳ ಕಷ್ಟ ಏನಂದ್ರೆ ನಾವು ಯಾರ ಮಕ್ಕಳು ಅಂತಾನೇ ಗೊತ್ತಾಗಲ್ಲ. ಕೆಲವು ನಗರಾಭಿವೃದ್ಧಿ ಪ್ರಾಧಿಕಾರ (ಮುಡಾ) ಮಾಡಿದ್ದು, ಕೆಲವು ಖಾಸಗಿಯವರು ಮಾಡಿ ಹ್ಯಾಂಡೋವರ್ ಮಾಡದೇ ಬಿಟ್ಟಿದ್ದು, ಕೆಲವು ಗ್ರಾಮ ಪಂಚಾಯಿತಿ. ಹೂಟಗಳ್ಳಿ ನಗರಸಭೆ ಆಯ್ತು, ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿ ಆದವು, ಆಮೇಲೆ ಎಲ್ಲ ಸೇರಿಸಿ ಬೃಹತ್ ಮೈಸೂರು ಮಾಡೋ ಮಾತೂ ಬಂತು. ಯಾರೇ ಆದ್ರೂ ಮಾಡ್ಲಿ, ಕಂಬದಲ್ಲಿ ಲೈಟ್ ಉರಿಯಬೇಕು ಅಷ್ಟೇ ತಾನೇ. ಬಲ್ಬ್ ಹೋದ್ರೆ ಕರೆಂಟ್ ಕಂಪನಿ ಚೆಸ್ಕಾಂನವರು ಅದು ಸ್ಥಳೀಯ ಸಂಸ್ಥೆದು ಅಂತಾರೆ, ಅವರು ಇನ್ನೂ ನಮಗೆ ಹಸ್ತಾಂತರ ಆಗಿಲ್ಲ ಅಂತಾರೆ, ಖಾಲಿ ಸೈಟಲ್ಲಿ ಆಳೆತ್ತರ ಲಂಟಾನ ಬೆಳೆದಿದ್ರೆ ಸೈಟ್ ಓನರ್ ಬೆಂಗಳೂರಲ್ಲಿ, ಫೋನ್ ಎತ್ತಲ್ಲ. ಬಸ್ ಸ್ಟಾಪಿಂದ ಒಳಗೆ ಬರೋ ರಸ್ತೇಲಿ ಸಾಲಾಗಿ ಮೂರು ಕಂಬ ಕತ್ತಲು, ಆ ಕತ್ತಲಿನ ಪಕ್ಕಕ್ಕೇ ಪೊದೆ, ಸ್ವಲ್ಪ ಮುಂದೆ ವೈನ್ ಸ್ಟೋರ್. ಅದು ಪಾರ್ಸೆಲ್ ಕೊಡೋ ಲೈಸೆನ್ಸಿನ ಅಂಗಡಿ, ಅಲ್ಲೇ ಕೂತು ಕುಡಿಯೋ ಹಾಗಿಲ್ಲ, ಹಾಗಾಗಿ ತಗೊಂಡೋರೆಲ್ಲ ಈ ಪೊದೆ ಪಕ್ಕ ಬಂದು ಕೂರ್ತಾರೆ. ಗಾರ್ಮೆಂಟ್ಸ್ ಶಿಫ್ಟ್ ಮುಗಿಸ್ಕೊಂಡು ರಾತ್ರಿ ಬರೋ ಹೆಣ್ಣುಮಕ್ಕಳು ಅಲ್ಲಿಗೆ ಬಂದ ತಕ್ಷಣ ಮೊಬೈಲ್ ಟಾರ್ಚ್ ಹಾಕ್ಕೊಂಡು, ಯಾರಿಗೋ ಫೋನಲ್ಲಿ ಮಾತಾಡೋ ಥರ ಜೋರಾಗಿ ಮಾತಾಡ್ತಾ ಓಡುನಡಿಗೇಲಿ ಬರ್ತಾರೆ, ಅಂಗಡಿಯಿಂದ ದಿನಾ ನೋಡ್ತೀನಿ.

ಇಲ್ಲಿ ಅಪರಾಧ ಅಂತ ಇನ್ನೂ ಏನೂ ಆಗಿಲ್ಲ, ಹಾಗಾಗಿ ಯಾವ ರಿಜಿಸ್ಟರಲ್ಲೂ ಈ ರಸ್ತೆ ಇಲ್ಲ. ಆದ್ರೆ ಒಬ್ಬ ಬೀಟ್ ಪೊಲೀಸ್ ಒಂದು ವಾರ ರಾತ್ರಿ ಎಂಟರಿಂದ ಒಂಬತ್ತು ಇಲ್ಲಿ ನಡೆದ್ರೆ ಎಲ್ಲ ಗೊತ್ತಾಗುತ್ತೆ. ಹಿಂದೆ ಇದ್ದ ಒಬ್ಬ ಬೀಟ್ ಪೊಲೀಸ್ ಅಣ್ಣ ಹಾಗೇ ಮಾಡಿದ್ರು. ನಮ್ಮನ್ನ ನಾಲ್ಕೈದು ಜನ ಹೆಂಗಸರನ್ನ ಕರ್ಕೊಂಡು ಬೀದಿ ಪೂರ್ತಿ ನಡೆದು, ಉರೀದೇ ಇರೋ ಪ್ರತಿ ಕಂಬದ ನಂಬರ್ ಟಾರ್ಚಲ್ಲಿ ನೋಡಿ ಬರ್ಕೊಂಡು, ಇನ್‌ಸ್ಪೆಕ್ಟರ್ ಸೈನ್ ಹಾಕಿಸಿ ಸ್ಟೇಷನ್ ಲೆಟರ್‌ಹೆಡ್ಡಲ್ಲೇ ಕಳಿಸಿದ್ರು. ನಾವು ವರ್ಷಗಟ್ಟಲೆ ಅರ್ಜಿ ಕೊಟ್ಟಿದ್ದಕ್ಕೆ ಅಲ್ಲಾಡದ ಕೆಲಸ ಆ ಒಂದು ಕಾಗದಕ್ಕೆ ಆಯ್ತು, ಒಂದು ಬೀದಿಗೆ ಲೈಟ್ ಬಂತು. ಮುಂದಿನ ಬೀದಿ ಬರ್ಕೊಳ್ಳೋ ಮುಂಚೆ ಅವರಿಗೆ ಟ್ರಾನ್ಸ್‌ಫರ್. ಹೊಸಬರಿಗೆ ಆ ಪಟ್ಟಿ ಕೊಟ್ಟು ಹೋಗೋ ಪದ್ಧತಿ ಇದ್ದಿದ್ರೆ ಎಷ್ಟು ಚೆನ್ನಾಗಿತ್ತು. ಬೀಟ್ ಪುಸ್ತಕದಲ್ಲಿ ರೌಡಿಗಳ ವಿವರ, ಹಳೇ ಕೇಸಿನವರ ವಿವರ ಇರುತ್ತಂತೆ, ಕತ್ತಲು ಕಂಬದ ನಂಬರೂ ಒಂದು ಪುಟ ಇರಲಿ.

ಸಭೆಗಳ ವಿಷಯಕ್ಕೂ ಬರ್ತೀನಿ. ಪೊಲೀಸ್-ಸಾರ್ವಜನಿಕರ ಸಭೆ ಅಂತ ಮಾಡ್ತಾರೆ, ಬೆಂಗಳೂರಲ್ಲಿ ಮಾಸಿಕ ಜನಸಂಪರ್ಕ ದಿವಸ ಅಂತ ಮಾಡ್ತಾರೆ, ನಮ್ಮಲ್ಲೂ ಆಗೊಮ್ಮೆ ಈಗೊಮ್ಮೆ ಪಾರ್ಕಲ್ಲಿ ಚೇರ್ ಹಾಕಿ ಆಗುತ್ತೆ. ಬರೋರು ಯಾರು? ಸ್ವಂತ ಮನೆ ಇರೋರು, ಸಂಘದ ಪದಾಧಿಕಾರಿಗಳು, ವಾಕಿಂಗ್ ಗುಂಪಿನ ಹಿರಿಯರು. ಅವರು ಬರೋದು ತಪ್ಪಲ್ಲ, ಅವರ ಸಮಯ ಕೊಟ್ಟು ಬರ್ತಾರೆ. ಆದ್ರೆ ಪೀಜಿ ಹುಡುಗೀರಿಗೆ ಯಾರೂ ಹೇಳಿರಲ್ಲ, ಕಟ್ಟಡ ಕೆಲಸಕ್ಕೆ ರಾಯಚೂರು, ಯಾದಗಿರಿ ಕಡೆಯಿಂದ ಬಂದು ಶೆಡ್ಡಲ್ಲಿರೋ ಕುಟುಂಬಗಳಿಗೆ ಹೇಳಿರಲ್ಲ, ಬೆಳಿಗ್ಗೆ ಐದೂವರೆಗೇ ಬೀದಿಗೆ ಬರೋ ಪೌರಕಾರ್ಮಿಕ ಅಕ್ಕಂದಿರಿಗೆ, ತಳ್ಳುಗಾಡಿಯವರಿಗೆ, ಸೆಕ್ಯುರಿಟಿ ಅಣ್ಣಂದಿರಿಗೆ ಹೇಳಿರಲ್ಲ. ಸಭೇಲಿ ಒಂದ್ಸಲ ಒಬ್ಬರು ಎದ್ದು ನಿಂತು, ಶೆಡ್ಡಿನವರು ಬಂದ್ಮೇಲೇನೇ ಕಳ್ಳತನ ಜಾಸ್ತಿ ಆಗಿರೋದು ಅಂದ್ರು, ಯಾರೂ ಏನೂ ಹೇಳಲಿಲ್ಲ, ಉತ್ತರ ಕೊಡೋಕೆ ಶೆಡ್ಡಿನವರು ಒಬ್ಬರೂ ಅಲ್ಲಿರಲಿಲ್ಲ. ಶೆಡ್ಡಲ್ಲಿ ಇರೋ ಹೆಣ್ಣುಮಗಳು ನನ್ನ ಹತ್ರ ಬ್ಲೌಸ್ ಹೊಲಿಸೋಕೆ ಬಂದಾಗ ಹೇಳಿದ್ದು ಬೇರೆ ಕಥೆ, ರಾತ್ರಿ ಯಾರೋ ಬಂದು ಶೆಡ್ ತಗಡು ಬಡೀತಾರಂತೆ, ಮಕ್ಕಳು ಎದ್ದು ಅಳ್ತಾವಂತೆ, ಯಾರಿಗೆ ಹೇಳ್ಬೇಕು ಅಂತಾನೇ ಅವಳಿಗೆ ಗೊತ್ತಿಲ್ಲ. ನಮ್ಮ ಬಡಾವಣೇಲಿ ಅತಿ ಹೆಚ್ಚು ಭಯದಲ್ಲಿ ಮಲಗೋಳು ಅವಳು, ಭದ್ರತೆ ಲೆಕ್ಕದಲ್ಲಿ ಅವಳ ಮನೆ ಇಲ್ವೇ ಇಲ್ಲ. ‘ಮನೆ ಮನೆಗೆ’ ಅಂದ್ರೆ ತಗಡಿನ ಮನೆಗೂ ಹೋಗಬೇಕು.

ಇದನ್ನ ಒತ್ತಿ ಹೇಳೋಕೆ ಕಾರಣ ಇದೆ. ಪೊಲೀಸ್ ಪರಿಚಯ ಇಲ್ಲದ ಕಡೆ ವಾಟ್ಸಾಪ್ ಗ್ರೂಪು ಪೊಲೀಸ್ ಆಗ್ಬಿಡುತ್ತೆ. ಯಾರೋ ಅಪರಿಚಿತ ಬಂದ, ಫೋಟೊ ಹಾಕಿ, ಎಲ್ಲರೂ ಹುಷಾರಾಗಿರಿ, ಹಿಡೀರಿ ಅಂತ. 2018ರಲ್ಲಿ ಮಕ್ಕಳ ಕಳ್ಳರು ಅನ್ನೋ ಸುಳ್ಳು ಮೆಸೇಜು ಓಡಾಡಿದ್ದು ಯಾರೂ ಮರೆಯಬಾರದು. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೇಲಿ ಕೆಲಸ ಹುಡ್ಕೊಂಡು ಬಂದಿದ್ದ ರಾಜಸ್ಥಾನದ ಹುಡುಗನ್ನ ಹೊಡೆದು ಸಾಯಿಸಿದ್ರು. ಜುಲೈನಲ್ಲಿ ಬೀದರ್ ಜಿಲ್ಲೆ ಮುರ್ಕಿ ಹತ್ರ ಹೈದರಾಬಾದಿನ ಸಾಫ್ಟ್‌ವೇರ್ ಎಂಜಿನಿಯರ್, ಮಕ್ಕಳಿಗೆ ಚಾಕ್ಲೇಟ್ ಕೊಟ್ರು ಅನ್ನೋ ಕಾರಣಕ್ಕೆ ಶುರುವಾದ ಗಲಾಟೇಲಿ ಪ್ರಾಣ ಕಳ್ಕೊಂಡ್ರು, ಬಿಡಿಸೋಕೆ ಹೋದ ಪೊಲೀಸರಿಗೂ ಏಟು ಬಿತ್ತು. ಅವರನ್ನ ಹೊಡೆದೋರು ರೌಡಿಗಳಲ್ಲ, ಊರು ಕಾಯ್ತಾ ಇದ್ದೀವಿ ಅಂದ್ಕೊಂಡಿದ್ದ ಸಾಮಾನ್ಯ ಜನ. ಅದಕ್ಕೇ ನಮ್ಮ ಗ್ರೂಪಲ್ಲಿ ಹುಡುಗರು ಲಾಠಿ ಹಿಡ್ಕೊಂಡು ರಾತ್ರಿ ಗಸ್ತು ಮಾಡ್ತೀವಿ ಅಂದಾಗ ನಾನು ಬೇಡ ಅಂತ ಗಟ್ಟಿಯಾಗಿ ಹೇಳಿದೆ, ಕೆಲವರಿಗೆ ಬೇಜಾರಾಯ್ತು, ಆಗ್ಲಿ. ಸರ್ಕಾರವೇ ಸ್ವಯಂಸೇವಕರನ್ನ ತಗೊಂಡ್ರೂ ಎಚ್ಚರ ಬೇಕು. ತಮಿಳುನಾಡಲ್ಲಿ 1993ರಲ್ಲಿ ರಾಮನಾಥಪುರದಲ್ಲಿ ಶುರುವಾದ ಫ್ರೆಂಡ್ಸ್ ಆಫ್ ಪೊಲೀಸ್ ಒಳ್ಳೆ ಉದ್ದೇಶದಿಂದಲೇ ಶುರುವಾಗಿದ್ದು, 2020ರಲ್ಲಿ ಸಾತಾನ್‌ಕುಳಂ ಠಾಣೇಲಿ ತಂದೆ-ಮಗ ಹಿಂಸೆಯಿಂದ ಸತ್ತ ಪ್ರಕರಣದಲ್ಲಿ ಅದರ ಸ್ವಯಂಸೇವಕರ ಮೇಲೂ ಆರೋಪ ಬಂತು, ಸರ್ಕಾರ ಅದನ್ನ ನಿಷೇಧಿಸ್ತು. ಜವಾಬ್ದಾರಿ ಇಲ್ಲದೋರ ಕೈಗೆ ಅಧಿಕಾರ ಹೋದ್ರೆ ಹೀಗೇ ಆಗೋದು. ಅದೇ ಪಕ್ಕದ ಕೇರಳದಲ್ಲಿ 2008ರಲ್ಲಿ 20 ಸ್ಟೇಷನ್ನಲ್ಲಿ ಶುರು ಮಾಡಿದ ಜನಮೈತ್ರಿ ನೋಡಿ, ಅಲ್ಲಿ ಮನೆ ಮನೆಗೆ ಹೋಗೋದು ಬೀಟ್ ಪೊಲೀಸೇ, ಬೀಟಿನ ಪ್ರತಿ ಮನೇಲೂ ಒಬ್ಬರನ್ನಾದ್ರೂ ಅವರಿಗೆ ಹೆಸರು ಹಿಡಿದು ಗೊತ್ತಿರಬೇಕು ಅನ್ನೋದು ಲೆಕ್ಕ. ಅಲ್ಲಿಂದ ಕಲಿಯೋಕೆ ನಮಗೆ ಮುಜುಗರ ಯಾಕೆ.

ಪೊಲೀಸ್ ಸುಧಾರಣೆ ಬಗ್ಗೆ ಪ್ರಕಾಶ್ ಸಿಂಗ್ ಕೇಸಲ್ಲಿ ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದೆ, ಠಾಣಾಧಿಕಾರಿಗಳಿಗೆ ಕನಿಷ್ಠ ಎರಡು ವರ್ಷ ಒಂದು ಕಡೆ ಇರೋಕೆ ಬಿಡಿ ಅಂತ. ಆಫೀಸರ್‌ಗೇ ಅಷ್ಟು ಕಾಲ ಬೇಕು ಅಂದ್ಮೇಲೆ ಮನೆ ಮನೆ ಪರಿಚಯ ಮಾಡ್ಕೊಳ್ಳೋ ಕಾನ್‌ಸ್ಟೇಬಲ್‌ಗೆ ಬೇಡ್ವಾ? ಹಾಗಾಗಿ ಮೈಸೂರು ಪೊಲೀಸ್ ಕಮಿಷನರ್ ಅವರಲ್ಲಿ ನಿಮ್ಮ ಪತ್ರಿಕೆ ಮೂಲಕ ಕೇಳ್ಕೊಳ್ತೀನಿ. ಬೀಟಿಗೆ ಹಾಕಿದೋರನ್ನ ವಾರದಲ್ಲಿ ಕೆಲವು ಗಂಟೆಯಾದ್ರೂ ಯಾವ ಬಂದೋಬಸ್ತಿಗೂ ಎಳೀಬೇಡಿ, ಆ ಹೊತ್ತು ಬೀಟಿಗೇ ಮೀಸಲು ಅಂತ ಬರೆದು ಆರ್ಡರ್ ಮಾಡಿ. ಟ್ರಾನ್ಸ್‌ಫರ್ ಆದ್ರೆ ಹಳಬರು ಹೊಸಬರನ್ನ ಒಂದು ಸಂಜೆ ಬೀದಿಗೆ ಕರ್ಕೊಂಡು ಬಂದು ಪರಿಚಯ ಮಾಡ್ಸಿ ಹೋಗ್ಲಿ, ಗೋಡೆ ಮೇಲೆ ವ್ಯಕ್ತಿ ನಂಬರ್ ಬದಲು ಬೀಟಿಗೇ ಒಂದು ನಂಬರ್ ಇರಲಿ, ಯಾರು ಬಂದ್ರೂ ಅದೇ ಸಿಮ್ಮು. ಸಭೇಲಿ ಹೇಳಿದ್ದನ್ನ ಬರ್ಕೊಂಡು ಮುಂದಿನ ಸಭೆ ಶುರುವಾಗೋ ಮೊದಲು ಏನಾಯ್ತು ಅಂತ ಓದಿ ಹೇಳ್ಲಿ, ಆಗದಿದ್ರೆ ಆಗಿಲ್ಲ ಅಂತಾನೇ ಹೇಳ್ಲಿ, ನಾವು ಅರ್ಥ ಮಾಡ್ಕೊಳ್ತೀವಿ. ಸಭೇನ ಒಂದ್ಸಲ ಪಾರ್ಕಲ್ಲಿ ಮಾಡಿದ್ರೆ ಇನ್ನೊಂದ್ಸಲ ಶೆಡ್ಡುಗಳ ಹತ್ರ, ಪೀಜಿಗಳ ಹತ್ರ, ಸಂಜೆ ಏಳರ ಮೇಲೆ ಮಾಡಿ, ಮಹಿಳಾ ಸಿಬ್ಬಂದಿ ಒಬ್ಬರಾದ್ರೂ ಇರಲಿ. ಚೆಸ್ಕಾಂ ಮತ್ತು ಸ್ಥಳೀಯ ಸಂಸ್ಥೆ ಎಂಜಿನಿಯರ್ ಕೂಡ ಬರೋ ಹಾಗೆ ಮಾಡಿದ್ರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತೆ.

ನಮ್ಮ ಕಡೆಯಿಂದ ಏನು ಮಾಡಬಹುದೋ ಅದನ್ನ ಶುರು ಮಾಡಿದ್ದೀವಿ. ಬಸ್ ಸ್ಟಾಪಿಂದ ಒಳಗಿನವರೆಗೆ ಉರೀದೇ ಇರೋ ಕಂಬಗಳ ನಂಬರ್, ಪೊದೆ ಬೆಳೆದಿರೋ ಸೈಟ್‌ಗಳ ನಂಬರ್, ದಸರಾ ರಜೇಲಿ ಬೀಗ ಹಾಕೋ ಮನೆಗಳ ವಿವರ ಎಲ್ಲ ಬರೆದಿಟ್ಟಿದ್ದೀವಿ. ಬೀಗ ಹಾಕೋ ಮನೆಗಳ ವಿವರ ಮಾತ್ರ ಗ್ರೂಪಲ್ಲಿ ಹಾಕಲ್ಲ, ಬೀಟ್ ಪೊಲೀಸ್ ಕೈಗೇ ಕೊಡ್ತೀವಿ. ಈ ಸಲ ದಸರಾ ಬಂದೋಬಸ್ತ್ ಪಟ್ಟಿ ಹಾಕೋ ಮುಂಚೆ ನಾವು ಬರೆದಿಟ್ಟಿರೋ ವಿವರಾನ ಯಾರ ಕೈಗೆ ಕೊಡಬೇಕು ಅಂತ ಸ್ಟೇಷನ್ನಿಂದ ಒಬ್ಬರನ್ನ ಕಳಿಸಿ ಹೇಳಿದ್ರೆ ಸಾಕು, ಅಂಗಡಿ ರಾತ್ರಿ ಒಂಬತ್ತರ ತನಕ ತೆಗೆದಿರುತ್ತೆ.

– ಓರ್ವ ನಿವಾಸಿ, ಮೈಸೂರು